ಲಿಂಗಯ್ಯ ತಪ್ಪಾದ ಬೀದಿಯಲ್ಲಿ ಇಳಿಸಿದ ನಾಯಿ

ಲಿಂಗಯ್ಯ ಬರುತ್ತಿದ್ದಾನೆ ಎಂಬುದು ಚಾಮರಾಜಪುರಂನ ಜನರಿಗಿಂತ ಮೊದಲು ಅಲ್ಲಿನ ನಾಯಿಗಳಿಗೆ ಗೊತ್ತಾಗುತ್ತಿತ್ತು. ಹಾಲಿನ ಬೂತಿನ ಬಳಿ ಕಾಲು ಚಾಚಿ ಮಲಗಿದ್ದದ್ದು ಎದ್ದು, ನಿಲ್ಲಿಸಿದ ಕಾರಿನಡಿ ನುಸುಳುತ್ತಿತ್ತು. ಇಸ್ತ್ರಿ ಗಾಡಿಯ ಕೆಳಗಿನ ಜೋಡಿ ಬಾಲ ಮಡಚಿಕೊಂಡು ಸಂದಿ ಸೇರುತ್ತಿತ್ತು. ಬೀದಿಯ ಕಷ್ಟವನ್ನೇ ಕಾಣದ ಗೇಟಿನೊಳಗಿನ ಸಾಕುನಾಯಿಗಳು ಕೂಡ ಗಂಟಲು ಹರಿಯುವಂತೆ ಬೊಗಳುತ್ತಿದ್ದವು. ಪಾಪ, ಅವನ ಕೈಯಲ್ಲಿ ಸೊಪ್ಪಿನ ಚೀಲ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ನಾಯಿ ಹಿಡಿದವನು ಸೊಪ್ಪು ಹಿಡಿದು ಬಂದರೂ ನಾಯಿಗಳು ನಂಬುವುದಿಲ್ಲ.

ನಗರದ ಹೊರಗೆ ಇಲವಾಲ ದಾಟಿ, ಹುಣಸೂರು ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಟ್ರಸ್ಟಿನವರು ನಡೆಸುವ ಜಾಗವಿದೆ. ಬೋರ್ಡಿನ ಮೇಲೆ ಉದ್ದದ ಹೆಸರಿದ್ದರೂ ಸುತ್ತಲಿನವರು ಅದನ್ನು ನಾಯಿದೊಡ್ಡಿ ಎಂದೇ ಕರೆಯುತ್ತಾರೆ. ಲಿಂಗಯ್ಯನ ಕೆಲಸ ಅಲ್ಲಿ. ಬೆಳಗಿನ ಜಾವ ವ್ಯಾನಿನಲ್ಲಿ ಹೊರಟು ಬೀದಿನಾಯಿಗಳನ್ನು ಹಿಡಿದು ತರುವುದು, ಅವಕ್ಕೆ ಮರಿಯಾಗದಂತೆ ಆಪರೇಷನ್ ಆಗಿ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಬಿದ್ದು, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಗಾಯ ಒಣಗಿದ ಮೇಲೆ ಹಿಡಿದ ಬೀದಿಗೇ ವಾಪಸು ಬಿಟ್ಟು ಬರುವುದು. ಇದನ್ನೊಂದು ಕೆಲಸವೆಂದು ಯಾರೂ ಒಪ್ಪುತ್ತಿರಲಿಲ್ಲ. ಹಿಡಿಯುವಾಗ ಒಂದು ಮನೆಯವರು ಬೈಯುವರು, ಬಿಡುವಾಗ ಪಕ್ಕದ ಮನೆಯವರು ಬೈಯುವರು. ಯಾರಿಗಾದರೂ ನಾಯಿ ಕಚ್ಚಿದ ದಿನ ಮಾತ್ರ ಇಡೀ ಬಡಾವಣೆಗೆ ಲಿಂಗಯ್ಯನ ನಂಬರು ಬೇಕಾಗುತ್ತಿತ್ತು.

ಹಿಡಿಯುವುದರಲ್ಲಿ ಅವನದೇ ಒಂದು ಕ್ರಮವಿತ್ತು. ಬೇರೆಯವರ ಹಾಗೆ ಕೋಲು ಹಿಡಿದು ಅಟ್ಟಾಡಿಸುತ್ತಿರಲಿಲ್ಲ. ನಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು, "ಬಾ ಮಗಾ, ಬಾ ಬಾ" ಎಂದು ಎಡಗೈಯಲ್ಲಿ ಬಿಸ್ಕತ್ತು ಚಾಚುತ್ತಿದ್ದ. ಬಲೆ ಬಲಗೈಯಲ್ಲಿ, ಬೆನ್ನ ಹಿಂದೆ. ನಾಯಿ ಬಿಸ್ಕತ್ತಿಗೆ ಬಾಯಿ ಹಾಕುವುದಕ್ಕೂ ಬಲೆ ಮೈಮೇಲೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಒಂದು ಮೂಳೆ ಮುರಿದಿದ್ದಿಲ್ಲ, ಒಂದು ಕುತ್ತಿಗೆ ಬಿಗಿದಿದ್ದಿಲ್ಲ.

ಅವನ ನಿಜವಾದ ಜಂಬ ಇದ್ದದ್ದು ಮುಖ ನೆನಪಿಡುವುದರಲ್ಲಿ. ದೊಡ್ಡಿಗೆ ಬಂದ ಪ್ರತಿ ನಾಯಿಯ ಕೊರಳಿಗೆ ನಂಬರಿನ ಟೋಕನ್ ಕಟ್ಟುತ್ತಾರೆ. ಯಾವ ನಂಬರು ಯಾವ ಬೀದಿಯದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಬೀದಿಯಲ್ಲಿ ಇಳಿಸುವಾಗ ನಂಬರು ನೋಡಿ, ಪುಸ್ತಕ ನೋಡಿ, ಆಮೇಲೆ ಟೋಕನ್ ಬಿಚ್ಚಬೇಕು. ಲಿಂಗಯ್ಯ ಹಾಗೆ ಮಾಡುತ್ತಿರಲಿಲ್ಲ. ವ್ಯಾನಿಗೆ ಹತ್ತಿಸುವ ಮೊದಲೇ ದೊಡ್ಡಿಯಲ್ಲೇ ಎಲ್ಲ ಟೋಕನ್ ಬಿಚ್ಚಿ ಡಬ್ಬಕ್ಕೆ ಹಾಕಿಬಿಡುತ್ತಿದ್ದ. ಡ್ರೈವರ್ ಮಹದೇವ ಶುರುವಿನಲ್ಲಿ ಹೆದರಿದ್ದುಂಟು. "ಲಿಂಗಣ್ಣ, ಅದಲುಬದಲಾದ್ರೆ ಏನ್ ಗತಿ?" ಎಂದಿದ್ದಕ್ಕೆ ಲಿಂಗಯ್ಯ, "ನಿನ್ ಮಕ್ಕಳ್ನ ನಂಬರ್ ಹಾಕ್ಕೊಂಡು ಗುರುತು ಹಿಡೀತೀಯೇನೋ?" ಎಂದು ಬಾಯಿ ಮುಚ್ಚಿಸಿದ್ದ. ಹತ್ತೊಂಬತ್ತು ವರ್ಷ ಒಂದು ನಾಯಿಯೂ ಅದಲುಬದಲಾಗಲಿಲ್ಲ, ಮಹದೇವನೂ ಕೇಳುವುದನ್ನು ಬಿಟ್ಟ.

ಮನೆಯಲ್ಲಿ ಮಾತ್ರ ಅವನ ಜಂಬ ನಡೆಯುತ್ತಿರಲಿಲ್ಲ. ಚಾಮರಾಜಪುರಂನ ಒಂದು ವಠಾರದಲ್ಲಿ ಎರಡು ಕೋಣೆಯ ಮನೆ. ಹೆಂಡತಿ ಚಲುವಮ್ಮ ಅವನನ್ನು ಹಿಂದಿನ ಬಚ್ಚಲಿನಿಂದಲೇ ಒಳಗೆ ಬಿಡುತ್ತಿದ್ದಳು. ತಲೆಗೆ ನೀರು ಬೀಳದೆ ತಟ್ಟೆಗೆ ಅನ್ನ ಬೀಳುತ್ತಿರಲಿಲ್ಲ. ಅರವತ್ತಕ್ಕೆ ಕೆಲಸ ಬಿಟ್ಟು ಮನೆಗೆ ಬಂದ ದಿನ ಅವಳು ಅವನ ಖಾಕಿ ಬಟ್ಟೆಯನ್ನೆಲ್ಲ ಒಲೆಗೆ ಹಾಕಿ, "ಇನ್ನಾದ್ರೂ ಮನುಷ್ಯರ ವಾಸನೆ ಬರ್ಲಿ" ಎಂದು ಕೈ ತೊಳೆದುಕೊಂಡಳು.

ಕೆಲಸ ಬಿಟ್ಟ ಎರಡು ತಿಂಗಳಿಗೆ ಲಿಂಗಯ್ಯನ ಕಣ್ಣಿನ ಪೊರೆ ತೆಗೆಸಿದರು. ಎರಡು ವರ್ಷದಿಂದ ಮಂಜಾಗಿತ್ತು. ಕೆಲಸದಿಂದ ತೆಗೆದಾರು ಎಂಬ ಅಂಜಿಕೆಗಿಂತ, ಮುಖ ನೋಡಿ ಗುರುತು ಹಿಡಿಯುವ ಲಿಂಗಯ್ಯನಿಗೆ ಕಣ್ಣು ಕಾಣುವುದಿಲ್ಲ ಎಂದು ಜನ ಆಡಿಕೊಂಡಾರು ಎಂಬ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಅವನು ಮಗುವಿನ ಹಾಗೆ ಆಡತೊಡಗಿದ. ವಠಾರದ ಗೋಡೆಗೆ ಎಷ್ಟು ಬಿರುಕು, ಚಲುವಮ್ಮನ ಮೂಗುಬೊಟ್ಟಿನಲ್ಲಿ ಎಷ್ಟು ಕಲ್ಲು, ಎಲ್ಲ ಎಣಿಸಿ ಹೇಳಿದ. "ಮೂವತ್ತೈದು ವರ್ಷಕ್ಕೆ ಈಗ ಕಾಣಿಸ್ತಾ?" ಎಂದು ಅವಳು ರೇಗಿದರೂ ಆ ದಿನವೆಲ್ಲ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆ ಖುಷಿಯಲ್ಲೇ ಅವನು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹಳೆಯ ಜೊತೆಗಾರರನ್ನು ನೋಡಲು ದೊಡ್ಡಿಗೆ ಹೋದ.

ದೊಡ್ಡಿಯಲ್ಲಿ ವಾಪಸು ಬಿಡಲಾಗದ ನಾಯಿಗಳಿಗೆಂದೇ ಒಂದು ಸಾಲು ಗೂಡುಗಳಿವೆ. ಕುರುಡು, ಕುಂಟು, ಮುದಿ, ಯಜಮಾನರು ಬಿಟ್ಟುಹೋದವು. ಯಾರಾದರೂ ಬಂದು ಮನೆಗೆ ಕರೆದುಕೊಂಡು ಹೋಗುವ ತನಕ ಅವು ಅಲ್ಲೇ. ಹನ್ನೊಂದನೆಯ ಗೂಡಿನ ಮೂಲೆಯಲ್ಲಿ ಮೂರು ಕಾಲಿನ ಒಂದು ಕೆಂಚು ನಾಯಿ ಮಲಗಿತ್ತು. ಕೆಲಸದಲ್ಲಿದ್ದಾಗ ಲಿಂಗಯ್ಯ ಅದನ್ನು ದಿನವೂ ದಾಟಿ ಹೋಗಿದ್ದ, ಆಗ ಅವನ ಕಣ್ಣಿಗೆ ಕಂದು ಬಣ್ಣದ ಒಂದು ರಾಶಿ ಮಾತ್ರ ಕಂಡಿತ್ತು. ಈಗ ಮುಖ ಕಂಡಿತು. ಮೂಗಿನ ಮೇಲೆ ಬಿಳಿಯ ಒಂದು ಎಳೆ, ಬಲಗಣ್ಣಿನ ಕೆಳಗೆ ರಾಗಿಕಾಳಿನಷ್ಟು ಕರಿ ಮಚ್ಚೆ. ಹಿಡಿದ ದಿನ ಬಿಸ್ಕತ್ತು ಚಾಚಿ ಗೇಣು ದೂರದಿಂದ ನೋಡಿದ್ದ ಮುಖ. "ರಾಮಕೃಷ್ಣನಗರ, ನೀರಿನ ಟ್ಯಾಂಕಿನ ರಸ್ತೆ" ಎಂದು ಅವನ ಬಾಯಿ ತಾನಾಗಿ ನುಡಿಯಿತು. ಗೂಡಿನ ಮೇಲಿನ ಚೀಟಿಯಲ್ಲಿ ಹೀಗೆ ಬರೆದಿತ್ತು: ನಜರ್‌ಬಾದ್ ಬಳಿ ಸಿಕ್ಕಿದ್ದು, ಸ್ಕೂಟರಿಗೆ ಸಿಲುಕಿ ಹಿಂಗಾಲು ಹೋಗಿದೆ.

ಲಿಂಗಯ್ಯ ಚೀಟಿಯನ್ನು ಇನ್ನೊಂದು ಸಲ ಓದಿದ. ರಾಮಕೃಷ್ಣನಗರದ ನಾಯಿ ನಗರದ ಆ ಕೊನೆಯ ನಜರ್‌ಬಾದಿಗೆ ತಾನಾಗಿ ಹೋಗುವುದಿಲ್ಲ. ಯಾರೋ ಇಳಿಸಿರಬೇಕು. ಯಾರು ಎಂಬುದು ಅವನಿಗೆ ಗೊತ್ತಿತ್ತು. ಕೆಲಸದ ಕೊನೆಯ ವರ್ಷ, ಒಂದೇ ದಿನ ವ್ಯಾನಿನಲ್ಲಿ ಎರಡು ಕೆಂಚು ಹೆಣ್ಣುನಾಯಿಗಳಿದ್ದವು, ಒಂದು ರಾಮಕೃಷ್ಣನಗರದ್ದು, ಇನ್ನೊಂದು ನಜರ್‌ಬಾದಿನದು. ಟೋಕನ್ ಎಂದಿನಂತೆ ಡಬ್ಬದಲ್ಲಿತ್ತು. ಮಂಜುಗಣ್ಣಿನಲ್ಲಿ ನೋಡಿ, ಮೊದಲನೆಯದನ್ನು ನಜರ್‌ಬಾದಿನಲ್ಲಿ ಇಳಿಸಿದ್ದ, ಉಳಿದದ್ದನ್ನು ರಾಮಕೃಷ್ಣನಗರಕ್ಕೆ ತಂದಿದ್ದ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನೆನಪಾಯಿತು. ಆ ದಿನ ನೀರಿನ ಟ್ಯಾಂಕಿನ ರಸ್ತೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಹೆಂಗಸೊಬ್ಬರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದಿದ್ದರು. ಸುಮಿತ್ರಮ್ಮ. ಆ ಬೀದಿಯ ಕೆಂಚು ನಾಯಿಗೆ ದಿನಾ ಅನ್ನ ಹಾಕುತ್ತಿದ್ದವರು. ಇಳಿಸಿದ ನಾಯಿಯನ್ನು ನೋಡಿ, "ಇದು ನಮ್ಮದಲ್ಲ ಕಣಪ್ಪ, ನಮ್ದೆಲ್ಲಿ?" ಎಂದಿದ್ದರು. "ಇದೇ ಕಣಮ್ಮ, ಆಪರೇಷನ್ ಆದ್ಮೇಲೆ ವಸಿ ಸೊರಗ್ತವೆ" ಎಂದಿದ್ದ ಲಿಂಗಯ್ಯ. ಅವರು ಬಿಡದೆ ವ್ಯಾನಿನ ಬಾಗಿಲು ಹಿಡಿದುಕೊಂಡಾಗ ಅವನಿಗೆ ಸಿಟ್ಟು ಬಂದಿತ್ತು. ಹತ್ತೊಂಬತ್ತು ವರ್ಷ ತಪ್ಪು ಮಾಡದವನಿಗೆ ಬ್ಲೌಸು ಹೊಲಿಯುವವರು ನಾಯಿ ಗುರುತು ಹೇಳಿಕೊಡುವುದೇ? "ನಿಮ್ಗೆ ಕಣ್ಣಿಗೆ ಪೊರೆ ಬಂದಿರ್ಬೇಕು ಕಣಮ್ಮ. ಓಗಿ ತೋರಿಸ್ಕೊಳ್ಳಿ" ಎಂದು ಬಾಗಿಲು ಹಾಕಿಸಿದ್ದ. ಮಹದೇವ ದಾರಿಯುದ್ದಕ್ಕೂ ಅದನ್ನು ಹೇಳಿಕೊಂಡು ನಕ್ಕಿದ್ದ, ಇವನೂ ನಕ್ಕಿದ್ದ.

ಆ ದಿನ ಬಾಳೆಹಣ್ಣು ಯಾರಿಗೆ ಕೊಟ್ಟ, ಬಸ್ಸು ಎಲ್ಲಿ ಹತ್ತಿದ, ಅವನಿಗೇ ತಿಳಿಯದು. ಮನೆಗೆ ಬಂದವನೇ ಚಲುವಮ್ಮನಿಗೆ, "ಒಂದ್ ನಾಯಿ ತರ್ತೀನಿ ಕಣೆ" ಎಂದ.

ಚಲುವಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಳು. "ತನ್ನಿ, ತನ್ನಿ. ಅದು ಒಳಗಿರ್ಲಿ, ನಾನು ಬಚ್ಚಲಲ್ಲಿ ಮಲಗ್ತೀನಿ" ಎಂದಳು.

ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ. ತನ್ನಿಂದ ಕಾಲು ಕಳೆದುಕೊಂಡ ಆ ಜೀವ ಗೂಡಿನಲ್ಲಿ ಸಾಯಬಾರದು, ತನ್ನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಿಸಿಲಿನಲ್ಲಿ ಮಲಗಬೇಕು. ಮಾಡಿದ್ದು ಯಾರಿಗೂ ತಿಳಿಯದ ಹಾಗೆ ಇಷ್ಟಾಗಿಬಿಟ್ಟರೆ ಸಾಕು ಎಂಬ ಆಸೆಯೂ ಅದರೊಳಗೆ ಕೂತಿತ್ತು.

ದೊಡ್ಡಿಯಿಂದ ನಾಯಿ ಪಡೆಯುವುದು ಸುಲಭವಲ್ಲ. ಅಲ್ಲಿನ ವೈದ್ಯೆ ಡಯಾನಾ ಆ ವಿಷಯದಲ್ಲಿ ಬಲು ಖಡಕ್ಕು. ಭಾನುವಾರ ಚರ್ಚು ಮುಗಿಸಿ ಅದೇ ರೇಷ್ಮೆ ಸೀರೆಯ ಮೇಲೆ ಏಪ್ರನ್ ಕಟ್ಟಿಕೊಂಡು ನಾಯಿಗಳ ಕಿವಿ ಶುಚಿ ಮಾಡುವವಳು. ಕಾರಿನಲ್ಲಿ ಬಂದು, "ಗೇಟಿಗೆ ಕಟ್ಟೋಕೆ ಒಂದು ಜೋರು ನಾಯಿ ಕೊಡಿ ಮೇಡಂ" ಎಂದವರಿಗೆ, "ಕಾಲಿಂಗ್ ಬೆಲ್ ಹಾಕಿಸ್ಕೊಳ್ಳಿ ಸಾರ್, ಊಟನೂ ಕೇಳಲ್ಲ" ಎಂದು ಹಿಂದಕ್ಕೆ ಕಳಿಸಿದ್ದಳು. ನಾಯಿ ತಾನಾಗಿ ಹತ್ತಿರ ಬರುವ ತನಕ ಬಂದವರು ದಿನಾ ಬಂದು ಕೂರಬೇಕು, ಆಮೇಲೆ ಅವಳು ಬಂದು ಮನೆ ನೋಡುತ್ತಾಳೆ, ಆಮೇಲೆ ಕಾಗದ. ಈ ಕ್ರಮ ಲಿಂಗಯ್ಯನಿಗೂ ತಪ್ಪಲಿಲ್ಲ. "ಇಪ್ಪತ್ತು ವರ್ಷ ಇಲ್ಲೇ ಇದ್ದೋನು ಕಣಮ್ಮ ನಾನು" ಎಂದ. "ಅದಕ್ಕೇ ನಿಮಗೆ ಇನ್ನೂ ಕಷ್ಟ" ಎಂದಳು ಡಯಾನಾ.

ಅವಳ ಮಾತು ಮೊದಲ ದಿನವೇ ನಿಜವಾಯಿತು. ಲಿಂಗಯ್ಯ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಬಾ ಮಗಾ, ಬಾ ಬಾ" ಎಂದು ಬಿಸ್ಕತ್ತು ಚಾಚಿದ. ನಾಯಿ ಗೋಡೆಗೆ ಅಂಟಿಕೊಂಡು ನಡುಗಿತು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಮರುದಿನ ಇನ್ನೂ ಒಳ್ಳೆಯ ಬಿಸ್ಕತ್ತು ತಂದ, ಕೆನೆ ಇದ್ದದ್ದು. ಆಗಲೂ ಅದೇ. ನಾಲ್ಕನೆಯ ದಿನ ಡಯಾನಾ ಅವನ ಹಿಂದೆ ಬಂದು ನಿಂತಳು.

"ಲಿಂಗಯ್ಯನವರೇ, ಅದರ ಕಿವಿ ತುದಿ ಕತ್ತರಿಸಿದೆ ನೋಡಿ. ನೀವು ಕೊಟ್ಟ ಬಿಸ್ಕತ್ತಿಗೆ ಬಾಯಿ ಹಾಕೀನೇ ಅದು ಬಲೆಗೆ ಬಿದ್ದಿದ್ದು. ಅದಕ್ಕೆ ನೆನಪಿಲ್ವಾ?"

ಲಿಂಗಯ್ಯ ಬಿಸ್ಕತ್ತನ್ನೂ ತನ್ನ ಎಡಗೈಯನ್ನೂ ನೋಡಿಕೊಂಡ. ಇಪ್ಪತ್ತು ವರ್ಷ ಮೃದುವಾಗಿ ಹಿಡಿಯುತ್ತೇನೆ ಎಂದು ಬೀಗಿದವನಿಗೆ, ಪ್ರೀತಿಯಿಂದ ಕರೆದು ಮೋಸ ಮಾಡಿದ್ದು ಕೋಲಿನ ಏಟಿಗಿಂತ ಆಳಕ್ಕೆ ಹೋಗಿದೆ ಎಂಬುದು ಆಗ ತಿಳಿಯಿತು. ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು ಎದ್ದ.

ಅಷ್ಟರಲ್ಲಿ ಅವರೆಕಾಯಿಯ ಕಾಲ ಬಂದಿತ್ತು. ದಿನಾ ದೊಡ್ಡಿಗೆ ಹೋಗಿ ಸುಮ್ಮನೆ ಕೂತು ಬರುವ ಗಂಡನನ್ನು ನೋಡಿ ಚಲುವಮ್ಮನಿಗೆ ಮೈ ಉರಿಯಿತು. "ನಾಯಿ ಮುಂದೆ ಕೂರೋದೇ ಆದ್ರೆ ಇದನ್ನಾದ್ರೂ ಸುಲಿದು ತನ್ನಿ" ಎಂದು ಎರಡು ಸೇರು ಅವರೆಕಾಯಿಯನ್ನು ಚೀಲಕ್ಕೆ ಸುರಿದು ಕೊಟ್ಟಳು. ಲಿಂಗಯ್ಯ ಅದನ್ನು ತೆಗೆದುಕೊಂಡು ಹೋಗಿ ಗೂಡಿನ ಒಳಗೆ, ನಾಯಿಗೆ ಬೆನ್ನು ಹಾಕಿ ಕೂತ. ಕರೆಯಲಿಲ್ಲ, ತಿರುಗಿ ನೋಡಲಿಲ್ಲ. ಕಾಯಿ ಸುಲಿದ, ಕಾಳು ಬಟ್ಟಲಿಗೆ ಹಾಕಿದ, ಸಿಪ್ಪೆ ಪಕ್ಕಕ್ಕೆ ಹಾಕಿದ. ಅವರೆಯ ಸೊನೆ ಹತ್ತಿ ಅವನ ಕೈಯಿಂದ ಬಲೆಯ ವಾಸನೆ ಹೋಗಿ ಅಡುಗೆಮನೆಯ ವಾಸನೆ ಬಂತು.

ಹೀಗೆ ವಾರ ಕಳೆಯಿತು. ಮನೆಯಲ್ಲಿ ದಿನಾ ಅವರೆಕಾಳಿನ ಸಾರು, ಅವರೆಕಾಳಿನ ಉಪ್ಪಿಟ್ಟು, ಹಿತಕಿದ ಬೇಳೆಯ ಹುಳಿ. ವಠಾರದವರಿಗೂ ಹಂಚಿದ್ದಾಯಿತು. ನಾಯಿ ನಡುಗುವುದನ್ನು ನಿಲ್ಲಿಸಿತು. ಇನ್ನೊಂದು ವಾರಕ್ಕೆ ಮೂಲೆ ಬಿಟ್ಟು ಗೂಡಿನ ನಡುವಿಗೆ ಬಂದು ಮಲಗಿತು. ಹತ್ತೊಂಬತ್ತನೆಯ ದಿನ ಲಿಂಗಯ್ಯ ಕೊನೆಯ ಕಾಯಿ ಸುಲಿಯುತ್ತಿದ್ದಾಗ ಬೆನ್ನಿಗೆ ಏನೋ ತಣ್ಣಗೆ ತಗುಲಿತು. ಮೂಗು. ಆಮೇಲೆ ಭಾರವಾಗಿ, ಬೆಚ್ಚಗೆ, ಇಡೀ ತಲೆ. ಅವನು ಕಾಯಿ ಹಿಡಿದ ಕೈ ಹಾಗೇ ನಿಲ್ಲಿಸಿಕೊಂಡು ಕೂತ. ಎಷ್ಟು ಹೊತ್ತೋ. ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಸಾವಿರಾರು ನಾಯಿಗಳನ್ನು ಮುಟ್ಟಿದವನನ್ನು ಒಂದು ನಾಯಿ ತಾನಾಗಿ ಮುಟ್ಟಿದ್ದು ಅದೇ ಮೊದಲು.

ಮುಂದಿನ ಭಾನುವಾರ ಡಯಾನಾ ಮನೆ ನೋಡಲು ಬಂದಳು. ಇಷ್ಟು ದಿನ ಗೊಣಗಿದ ಚಲುವಮ್ಮ ಅಂದು ಹೆಣ್ಣು ನೋಡಲು ಬರುವವರಿಗೆ ಸಜ್ಜಾದ ಹಾಗೆ ಮನೆ ಸಾರಿಸಿ, ಒಳ್ಳೆಯ ಸೀರೆ ಉಟ್ಟು, ಕೇಸರಿಬಾತು ಮಾಡಿ ಕೂತಿದ್ದಳು. ಬೇಡವೆಂದ ನಾಯಿಗೆ ಇದೇನು ಸಡಗರ ಎಂದು ಕೇಳಿದರೆ, ಬಂದವರು ತಮ್ಮ ಮನೆಯನ್ನು ಆಡಿಕೊಳ್ಳಬಾರದಲ್ಲ ಎಂದಳು. ಡಯಾನಾ ಒಂದೊಂದೇ ಕೇಳಿದಳು. ಎಲ್ಲಿ ಮಲಗಿಸುತ್ತೀರಿ? ಬಿಸಿಲಿಗೆ ನೆರಳಿದೆಯೇ? ಇಬ್ಬರೂ ಊರಿಗೆ ಹೋದರೆ ಯಾರು ನೋಡುತ್ತಾರೆ? ವರ್ಷವರ್ಷ ಚುಚ್ಚುಮದ್ದಿಗೆ ಯಾರು ತರುತ್ತಾರೆ? ಬೀದಿಯಲ್ಲಿ ಮಾಡಿದ ಗಲೀಜು ಯಾರು ಎತ್ತುತ್ತಾರೆ?

"ಇವ್ರೇ ಎತ್ತುತ್ತಾರೆ" ಎಂದಳು ಚಲುವಮ್ಮ ತಟ್ಟನೆ. "ಊರಿನ ನಾಯೀದೆಲ್ಲ ಎತ್ತಿದ್ದಾರೆ, ನಮ್ಮನೇದು ಎತ್ತಲ್ವಾ?"

ನಮ್ಮನೇದು ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ಲಿಂಗಯ್ಯ ಗಮನಿಸಿದ. ಅವಳು ಗಮನಿಸಲಿಲ್ಲ.

ಡಯಾನಾ ಕಾಗದ ತೆಗೆದಳು. ಹೆಸರು, ವಿಳಾಸ, ಫೋನು. ಕೊನೆಯಲ್ಲಿ ಒಂದು ಪ್ರಶ್ನೆ: ಇದೇ ನಾಯಿ ಯಾಕೆ ಬೇಕು? "ಇದೊಂದು ಬರೆದ್ರೆ ಮುಗೀತು. ಎಲ್ಲರೂ ಮರಿ ಕೇಳ್ತಾರೆ, ನೀವು ಮೂರು ಕಾಲಿನದು ಕೇಳಿದ್ದೀರಿ. ಯಾಕೆ ಲಿಂಗಯ್ಯನವರೇ?"

ಪಾಪ ಅನಿಸಿತು ಎಂದರೆ ಮುಗಿಯುತ್ತಿತ್ತು. ಲಿಂಗಯ್ಯನ ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಬೆನ್ನ ಮೇಲೆ ಆ ತಲೆಯ ಭಾರ ಇನ್ನೂ ಇದ್ದಂತಿತ್ತು. ಅವನು ನೆಲ ನೋಡಿಕೊಂಡು ಎಲ್ಲ ಹೇಳಿಬಿಟ್ಟ. ಮುಚ್ಚಿಟ್ಟ ಕಣ್ಣು, ಡಬ್ಬದಲ್ಲಿದ್ದ ಟೋಕನ್, ಎರಡು ಕೆಂಚು ನಾಯಿ, ಸುಮಿತ್ರಮ್ಮನಿಗೆ ಆಡಿದ ಮಾತು. ಚಲುವಮ್ಮ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು.

ಡಯಾನಾ ಬೈಯಲಿಲ್ಲ. ಪೆನ್ನಿನ ಕ್ಯಾಪು ಹಾಕಿದಳು. "ಹಾಗಾದ್ರೆ ಈ ನಾಯಿಗೆ ಒಬ್ಬರು ಇದ್ದಾರೆ. ಮೊದಲು ಅವರಿಗೆ ಹೇಳಿ ಬನ್ನಿ. ಅವರು ಬೇಡ ಅಂದ್ರೆ ನಾನೇ ನಿಮ್ಮನೆಗೆ ತಂದು ಬಿಡ್ತೀನಿ."

"ಅವ್ರು ಬೇಕು ಅಂದ್ಬುಟ್ರೆ?"

"ನೀವೇ ಹೇಳಿ" ಎಂದಳು ಡಯಾನಾ.

ಲಿಂಗಯ್ಯ ನಾಲ್ಕು ದಿನ ಎಲ್ಲಿಗೂ ಹೋಗಲಿಲ್ಲ. ಹೇಳಿದರೆ ನಾಯಿ ಕೈತಪ್ಪುತ್ತದೆ, ಹೇಳದಿದ್ದರೆ ನಾಯಿ ಸಿಗುವುದಿಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಅವನಿಗೇ ಸೋಲು. ಐದನೆಯ ಬೆಳಿಗ್ಗೆ ಚಲುವಮ್ಮ ಅವನ ಒಗೆದ ಶರ್ಟನ್ನು ತಂದು ಮುಂದಿಟ್ಟು, "ರಾಮಕೃಷ್ಣನಗರದ ಬಸ್ಸು ಒಂಬತ್ತಕ್ಕಿದೆ" ಎಂದಳು.

ಸುಮಿತ್ರಮ್ಮ ಮಿಷನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಕನ್ನಡಕವಿರಲಿಲ್ಲ. ಒಂದೇ ಸಲಕ್ಕೆ ದಾರ ಒಳಹೊಕ್ಕಿತು. ಅದನ್ನು ನೋಡಿದ ಲಿಂಗಯ್ಯನಿಗೆ ಬಂದ ದಾರಿಯಲ್ಲೇ ಹಿಂತಿರುಗಿಬಿಡೋಣ ಅನಿಸಿತು. ಮನೆಯ ಮೆಟ್ಟಿಲ ಮೇಲೆ, ಅವನು ಅಂದು ಇಳಿಸಿದ್ದ ನಜರ್‌ಬಾದಿನ ನಾಯಿ ಮೈ ತುಂಬಿಕೊಂಡು ಮಲಗಿತ್ತು. ಅವನನ್ನು ಕಂಡದ್ದೇ ಎದ್ದು ಓಡಿತು.

"ನೀವು ನಾಯಿ ವ್ಯಾನಿನವರಲ್ವಾ?" ಎಂದರು ಸುಮಿತ್ರಮ್ಮ.

"ಊಂ ಕಣಮ್ಮ. ಆವತ್ತು ನೀವು ಅಂದಿದ್ದೇ ಸರಿ. ಅದು ನಿಮ್ಮ ನಾಯಿ ಅಲ್ಲ. ಪೊರೆ ಬಂದಿದ್ದು ನನ್ ಕಣ್ಣಿಗೆ."

ಮಿಷನ್ನಿನ ಚಕ್ರ ನಿಂತಿತು. ಲಿಂಗಯ್ಯ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಬಂದ ಮಾತಿಗೆ ಸಿದ್ಧನಾಗಿರಲಿಲ್ಲ.

"ನಿಮ್ಮ ಮಾತು ಕೇಳಿ ನಾನು ನಿಜವಾಗ್ಲೂ ಕಣ್ಣಾಸ್ಪತ್ರೆಗೆ ಹೋಗಿದ್ದೆ, ಗೊತ್ತಾ? ಕಣ್ಣು ಚೆನ್ನಾಗಿದೆ ಅಂದ್ರು. ಅದಕ್ಕೆ ಇನ್ನೂ ಭಯ ಆಯ್ತು. ಕಣ್ಣು ಸರಿ ಇದ್ದೂ ನಾಯಿ ಗುರುತು ಸಿಕ್ತಿಲ್ಲ ಅಂದ್ರೆ ತಲೇನೇ ಕೆಟ್ಟಿರ್ಬೇಕು ಅನ್ಕೊಂಡೆ. ನಮ್ಮ ಹೇಮಶ್ರೀಗೂ ಹೇಳ್ಲಿಲ್ಲ. ಮಗಳು ಗಾಬರಿ ಆಗ್ತಾಳೆ ಅಂತ. ಒಂದು ವರ್ಷ, ಅಳತೆ ತಗೊಂಡು ಮೂರು ಮೂರು ಸಲ ನೋಡ್ಕೊಳ್ತಿದ್ದೆ. ತಪ್ಪಿದೀನೇನೋ ಅಂತ."

ಲಿಂಗಯ್ಯ ಮೆಟ್ಟಿಲ ಮೇಲೆ ಕೂತ. ನಾಯಿಯ ಕಾಲು ಹೋದದ್ದನ್ನಷ್ಟೇ ಅವನು ಇಷ್ಟು ದಿನ ಎದೆಯಲ್ಲಿ ಹೊತ್ತಿದ್ದ. ತನ್ನ ಒಂದು ಜಂಬದ ಮಾತು ಒಬ್ಬರ ಧೈರ್ಯವನ್ನೇ ತಿಂದುಹಾಕಿದ್ದು ಅವನ ಮನಸ್ಸಿಗೇ ಬಂದಿರಲಿಲ್ಲ. "ತಪ್ಪಾಯ್ತು ಕಣಮ್ಮ" ಎಂದ.

ಸುಮಿತ್ರಮ್ಮ ಕಣ್ಣೊರೆಸಿಕೊಂಡರು. ಆಮೇಲೆ, ತಲೆ ಕೆಟ್ಟಿಲ್ಲ ಎಂದು ತಿಳಿದ ನೆಮ್ಮದಿಗೋ ಏನೋ, ಸಣ್ಣಗೆ ನಕ್ಕೇಬಿಟ್ಟರು. "ಅದಿರ್ಲಿ. ನಮ್ಮ ಕೆಂಚಿ ಎಲ್ಲಿ?"

ಕೆಂಚಿ. ಹತ್ತೊಂಬತ್ತು ದಿನ ಜೊತೆಗೆ ಕೂತರೂ ಅದಕ್ಕೊಂದು ಹೆಸರಿದೆಯೆಂದು ಲಿಂಗಯ್ಯನಿಗೆ ಗೊತ್ತಿರಲಿಲ್ಲ.

ಇಬ್ಬರೂ ಅಂದೇ ಆಟೋದಲ್ಲಿ ದೊಡ್ಡಿಗೆ ಹೋದರು. ದಾರಿಯಲ್ಲಿ ಅವನು ಕಾಲಿನ ವಿಷಯ ಹೇಳಿದ. ಸುಮಿತ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಗೂಡುಗಳ ಸಾಲಿನ ಆ ತುದಿಯಲ್ಲಿ ನಿಂತು, "ಕೆಂಚೀ" ಎಂದರು. ಮೆಲ್ಲಗೇ ಕರೆದದ್ದು. ಹನ್ನೊಂದನೆಯ ಗೂಡಿನಿಂದ ಒಂದು ಸದ್ದು ಬಂತು. ಬೊಗಳಿದ್ದೂ ಅಲ್ಲ, ಅತ್ತದ್ದೂ ಅಲ್ಲ. ನಾಯಿಗಳ ಎಲ್ಲ ಸದ್ದೂ ಬಲ್ಲವನೆಂದುಕೊಂಡಿದ್ದ ಲಿಂಗಯ್ಯ ಅಂಥದ್ದನ್ನು ಕೇಳಿರಲಿಲ್ಲ. ಬಾಗಿಲು ತೆಗೆದದ್ದೇ ಕೆಂಚಿ ಮೂರು ಕಾಲಲ್ಲಿ ಬಿದ್ದೆದ್ದು ಓಡಿ, ಅವನನ್ನು ದಾಟಿ ಹೋಗಿ, ಸುಮಿತ್ರಮ್ಮನ ಮಡಿಲಿಗೆ ಮುಖ ತೂರಿಸಿತು. ಅವರು ನೆಲದ ಮೇಲೆ ಕೂತುಬಿಟ್ಟಿದ್ದರು. "ನನ್ ಕಣ್ಣು ಸರಿ ಇತ್ತು ಕಣೇ, ಸರಿ ಇತ್ತು" ಎಂದು ಅದಕ್ಕೆ ಹೇಳುತ್ತಿದ್ದರು.

ಡಯಾನಾ ಕಾಗದ ತಂದಳು. ಮೆಟ್ಟಿಲ ಮೇಲಿನ ಇನ್ನೊಂದು ನಾಯಿಯ ವಿಷಯ ಕೇಳಿದಳು. ಅದನ್ನು ಹುಡುಕುವವರು ಯಾರಾದರೂ ಇದ್ದಾರೆಯೇ ಎಂದು ತಾನೇ ನಜರ್‌ಬಾದಿನಲ್ಲಿ ವಿಚಾರಿಸುವುದಾಗಿಯೂ, ಇಲ್ಲದಿದ್ದರೆ ಅದು ಹೊಂದಿಕೊಂಡ ಬೀದಿಯಲ್ಲೇ ಇರುವುದು ಒಳ್ಳೆಯದೆಂದೂ ಹೇಳಿದಳು. ಅದು ಬೀದಿಯಲ್ಲಿರಲಿ, ಕೆಂಚಿಯನ್ನು ಮನೆಯೊಳಗೇ ಇಟ್ಟುಕೊಳ್ಳುತ್ತೇನೆ, ಇಬ್ಬರಿಗೂ ಜಗಳ ಬೇಡ ಎಂದರು ಸುಮಿತ್ರಮ್ಮ. ಆಮೇಲೆ ಲಿಂಗಯ್ಯನ ಕಡೆ ತಿರುಗಿದರು. ಕೆಂಚಿಗಾಗಿ ಅವನು ಸುಲಿದ ಅವರೆಕಾಯಿಯ ಕಥೆಯನ್ನು ಅಷ್ಟರಲ್ಲಿ ಡಯಾನಾ ಅವರಿಗೆ ಹೇಳಿದ್ದಳು. "ನೀವೂ ಇದಕ್ಕೆ ಕಾದಿದ್ದೀರಿ. ಏನ್ ಹೇಳ್ತೀರಿ?" ಎಂದು ಕೇಳಿದರು.

ಕೇಳಬೇಕಾಗಿರಲಿಲ್ಲ, ಆದರೂ ಕೇಳಿದರು. ಅವನು ಒಂದು ಮಾತು ಆಡಿದ್ದರೆ ಕೊಟ್ಟುಬಿಡುತ್ತಿದ್ದರೋ ಏನೋ. ಲಿಂಗಯ್ಯ ಕೆಂಚಿಯ ಮೂಗಿನ ಮೇಲಿನ ಬಿಳಿ ಎಳೆಯನ್ನು ಒಮ್ಮೆ ಕಣ್ತುಂಬ ನೋಡಿದ. "ಅಮ್ಮಾವ್ರ ಎಸ್ರು ಬರ್ಕಳಿ ಡಾಕ್ಟ್ರಮ್ಮ" ಎಂದ.

ಕೆಂಚಿಯನ್ನು ಆಟೋಗೆ ಎತ್ತಿ ಕೂರಿಸಿದವನು ಅವನೇ. ಅದು ನಡುಗಲಿಲ್ಲ. ಅವನ ಕೈಯನ್ನು ಒಂದು ಸಲ ನೆಕ್ಕಿ, ಸುಮಿತ್ರಮ್ಮನ ಕಡೆಗೆ ತಿರುಗಿಕೊಂಡಿತು.

ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ವಠಾರದ ಅಂಗಳದಲ್ಲಿತ್ತು. ಬಾಗಿಲ ಪಕ್ಕ ಚಲುವಮ್ಮನ ಹಳೆಯ ಸೀರೆ ನಾಲ್ಕು ಮಡಿಕೆಯಾಗಿ ಹಾಸಿತ್ತು. ಪಕ್ಕದಲ್ಲಿ ಹೊಸ ಮಣ್ಣಿನ ಬಟ್ಟಲಲ್ಲಿ ನೀರು. ಒಳಗಿನಿಂದ ಮೂಳೆ ಬೇಯುವ ವಾಸನೆ. ಹೋಗಿ ಹೇಳಿ ಬನ್ನಿ ಎಂದು ಕಳಿಸಿದವಳೇ, ಅವರು ಬೇಡ ಎಂದಾರು ಎಂಬ ಆಸೆಯಲ್ಲಿ ಇದನ್ನೆಲ್ಲ ಮಾಡಿಟ್ಟಿದ್ದಳು. ಲಿಂಗಯ್ಯನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಅವಳ ಮುಖ ಇಳಿಯಿತು.

"ಅವ್ರದ್ದು ಅವ್ರಿಗೆ ಓಯ್ತು ಕಣೆ" ಎಂದ.

"ಸರಿ ಮಾಡಿದ್ರಿ" ಎಂದು ಒಳಗೆ ಹೋದಳು. ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು. ಸ್ವಲ್ಪ ಹೊತ್ತಾದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದು, ಹಾಸಿದ ಸೀರೆಯ ಪಕ್ಕ ಅವನ ಜೊತೆಗೆ ಕೂತಳು. ಇಬ್ಬರೂ ಆ ನೀರಿನ ಬಟ್ಟಲನ್ನು ನೋಡುತ್ತಿದ್ದರು.

"ಅಲ್ಲಿ ಯಾರೂ ಕೇಳ್ದೇ ಇರೋದು ಇನ್ಯಾವ್ದಿದೆ?" ಎಂದಳು ಚಲುವಮ್ಮ.

ಲಿಂಗಯ್ಯ ಅವಳ ಮುಖ ನೋಡಿದ. "ಮೂರನೇ ಗೂಡಲ್ಲಿ ಒಂದು ಮುದಿ ಕರಿಯ ಇದೆ. ಬಾಯಲ್ಲಿ ಹಲ್ಲಿಲ್ಲ, ಕಿವಿ ಕೇಳ್ಸಲ್ಲ. ಮನೆ ಖಾಲಿ ಮಾಡ್ದೋರು ಗೇಟ್ ಮುಂದೆ ಕಟ್ಬುಟ್ಟು ಓಗಿದ್ರು. ಆದ್ರೆ ಅದ್ಕೂ ನನ್ನ ಕಂಡ್ರೆ ಆಗಲ್ಲ."

"ನನ್ನ ಕಂಡ್ರೆ?"

"ನಿನ್ನ ಅದು ಎಲ್ಲಿ ನೋಡಿದೆ?"

"ನಾಳೆ ನೋಡುತ್ತೆ ಬುಡಿ" ಎಂದಳು. "ನಾನು ಮುಂದೆ ಕೂತ್ಕೋತೀನಿ. ನೀವು ಹಿಂದೆ ಕೂತ್ಕೊಂಡು ಕಾಯಿ ಸುಲೀರಿ."